ಐದಕ್ಕೆ ನಾಲ್ಕು

ಮೂವತ್ತೊಂದು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳು ನಾನು. ಅಷ್ಟು ವರ್ಷದಲ್ಲಿ ಯಾರಿಗೂ ಐದಕ್ಕೆ ಐದು ಕೊಟ್ಟವಳಲ್ಲ. ಪೂರ್ತಿ ಕೊಟ್ಟುಬಿಟ್ಟರೆ ಮಗು ಮುಂದೆ ಕಲಿಯುವುದೇನು? ನನ್ನ ಕೈಯಿಂದ ನಾಲ್ಕು ಸಿಕ್ಕಿದವರು ಪುಸ್ತಕ ಎದೆಗವಚಿಕೊಂಡು ಮನೆಗೆ ಓಡುತ್ತಿದ್ದರು. ಇದನ್ನು ಸಮರ್ಥನೆಗೆಂದು ಹೇಳುತ್ತಿಲ್ಲ. ನಾನು ಮಾಡಿಬಂದ ಕೆಲಸ ಹೇಗೆ ನಡೆಯಿತು ಎಂದು ತಿಳಿಯಲಿ, ಅಷ್ಟೇ.

ನಿವೃತ್ತಿಯಾದ ವರ್ಷ ತಂಗಿ ಹಟ ಹಿಡಿದಳು. ಅವಳದು ಬಟ್ಟೆ ಹೊಲಿಯುವ ಅಂಗಡಿ. "ಹೊಲಿಗೆ ಮಿಷನ್ನಿಗಾದ್ರೂ ಎಣ್ಣೆ ಬಿಡ್ತಾರೆ, ನಮಗ್ಯಾರು ಬಿಡ್ತಾರೆ? ನಡಿಯೇ ಅಕ್ಕ, ನಾಲ್ಕು ದಿನ ಎಲ್ಲಾದ್ರೂ ಹೋಗಿ ಬಿದ್ಕೊಂಡು ಬರೋಣ." ಹಾಗೆ ಆ ಸರೋವರದ ದಂಡೆಯ ಹೋಟೆಲಿಗೆ ಹೋದೆವು. ಕಿಟಕಿ ತೆರೆದರೆ ನೀರು, ನೀರಿನಾಚೆ ದಿಬ್ಬದ ಮೇಲೆ ದ್ರಾಕ್ಷಿ ಬಳ್ಳಿಗಳ ಸಾಲು. ನನಗೆ ತಿದ್ದಲು ಏನೂ ಇರಲಿಲ್ಲ. ಮೊದಲ ದಿನ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಎರಡನೆಯ ದಿನ ಹಾಯಿದೋಣಿ ಹತ್ತಿದೆವು. ಅದನ್ನು ನಡೆಸುವವರನ್ನು ಎಲ್ಲರೂ ಗಾಳಿಯಣ್ಣ ಎನ್ನುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಕೆನ್ನೆ ಒಡ್ಡಿ ನಿಂತು, ಇನ್ನೊಂದು ಗಳಿಗೆಗೆ ಗಾಳಿ ಯಾವ ಕಡೆ ತಿರುಗುತ್ತದೆ ಎಂದು ಹೇಳುತ್ತಿದ್ದರು, ತಿರುಗುತ್ತಿತ್ತು. ವೈನ್ ಬಾಟಲಿಯನ್ನು ಬಲೆಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟು ತಂಪು ಮಾಡಿದರು. ಸುಟ್ಟ ಮೀನು, ಬಿಸಿ ಬ್ರೆಡ್ಡು ಬಿಚ್ಚಿಟ್ಟರು.

"ಆ ದಿಬ್ಬದ ದ್ರಾಕ್ಷಿದೇ ಇದು. ಮೊದಲನೇ ಗುಟುಕು ಹುಳಿ ಅನ್ಸುತ್ತೆ, ಬೈಬೇಡಿ. ಎರಡನೇದಕ್ಕೆ ಅದೇ ರಾಜಿಗೆ ಬರುತ್ತೆ."

ಮೂರನೆಯ ಲೋಟಕ್ಕೆ ತಂಗಿ, "ನನಗೂ ಅದಕ್ಕೂ ರಾಜಿಯಾಯ್ತು ಗಾಳಿಯಣ್ಣ" ಎಂದವಳೇ ಹಾಯಿಯ ನೆರಳಲ್ಲಿ ಗೊರಕೆ ಹೊಡೆದಳು. ಅಷ್ಟು ಒಳ್ಳೆಯ ಮಧ್ಯಾಹ್ನ ನನ್ನ ಪಾಲಿಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಇಳಿದ ಕೂಡಲೇ ಹೋಟೆಲಿನವಳೊಬ್ಬಳು ನಮ್ಮ ಮುಂದೆ ಟ್ಯಾಬ್ ಹಿಡಿದಳು. ದೋಣಿ, ಊಟ, ವೈನ್, ನಡೆಸಿದವರು: ಒಂದೊಂದರ ಮುಂದೆ ಐದೈದು ನಕ್ಷತ್ರ. ತಂಗಿ ಟಪಟಪನೆ ಎಲ್ಲ ಒತ್ತಿಬಿಟ್ಟಳು.

"ಓದಿಯಾದ್ರೂ ಒತ್ತೇ."

"ಓದೋಕೆ ನೀನಿದ್ದೀಯಲ್ಲ. ಅಮ್ಮನ ಅಡುಗೆಗೇ ಮೂರೂವರೆ ಕೊಟ್ಟೋಳು."

ನನ್ನ ಸರದಿ ಬಂದಾಗ ಕನ್ನಡಕ ಏರಿಸಿ ಯೋಚಿಸಿದೆ. ಗಾಳಿಯಣ್ಣನ ಹೆಸರಿನ ಮುಂದೆ ಮನಃಪೂರ್ವಕವಾಗಿ ನಾಲ್ಕು ಒತ್ತಿದೆ. ಕೆಳಗೆ, ನನ್ನ ಅತ್ಯುತ್ತಮ ಮಕ್ಕಳಿಗಷ್ಟೇ ಬರೆಯುತ್ತಿದ್ದ ಮಾತನ್ನು ಬರೆದೆ: ಇನ್ನೂ ಚೆನ್ನಾಗಿ ಮಾಡಬಲ್ಲರು.

ಮರುದಿನ ಬೆಳಿಗ್ಗೆ ದೋಣಿಯ ಬಳಿ ಬೇರೆ ಯಾರೋ ನಿಂತಿದ್ದರು. ಗಾಳಿಯಣ್ಣ ಅಡುಗೆಮನೆಯ ಹಿಂದಿನ ನಲ್ಲಿಯ ಹತ್ತಿರ, ಮೊಣಕೈವರೆಗೆ ಒದ್ದೆಯಾಗಿ ಮೀನು ಕೆರೆಯುತ್ತಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು. ನಾನು ಮ್ಯಾನೇಜರಮ್ಮನ ಕೋಣೆಗೆ ನುಗ್ಗಿದೆ.

"ನಿಮ್ಮ ಅಸಮಾಧಾನ ಗಮನಕ್ಕೆ ಬಂದಿದೆ ಮೇಡಂ. ತಕ್ಷಣ ಕ್ರಮ ತಗೊಂಡಿದೀವಿ" ಎಂದು ಆಕೆ ನಕ್ಕಳು.

"ಅಸಮಾಧಾನ ಎಲ್ಲಿಂದ ಬಂತು? ನಾಲ್ಕು ಕೊಟ್ಟಿದೀನಿ!"

"ಅದೇ ಮೇಡಂ. ನಮ್ಮಲ್ಲಿ ಐದು ಅಂದ್ರೆ ಪಾಸು. ನಾಲ್ಕು ಅಂದ್ರೆ ದೂರು. ಅದರ ಮೇಲೆ ನೀವು ಕೈಯಾರೆ ಬರೆದಿದೀರ."

"ತಿದ್ದಿಬಿಡಿ. ಈಗಲೇ ಐದು ಒತ್ತುತ್ತೀನಿ."

"ಒಂದ್ಸಲ ಹೋದ್ರೆ ಹೋಯ್ತು. ಕೇಂದ್ರ ಕಚೇರಿಯವರು ನೋಡಾಗಿದೆ. ನೀವು ಆರಾಮಾಗಿರಿ, ರಜೆಗೆ ಬಂದೋರು."

ಒಂದು ಕಾಲಕ್ಕೆ, ಮಕ್ಕಳ ಫಲಿತಾಂಶ ನೋಡಿ ಶಿಕ್ಷಕರಿಗೆ ದರ್ಜೆ ಕೊಡುತ್ತೇವೆ ಎಂದು ಹೊರಟವರ ಕಚೇರಿಯ ಎದುರು ಹನ್ನೊಂದು ದಿನ ಧರಣಿ ಕೂತವಳು ನಾನು. 'ದುಡಿಯುವವರು ಸರಕಲ್ಲ' ಎಂಬ ಫಲಕ ಬರೆದದ್ದು ಇದೇ ಕೈ. ವಾಚನ ಬಳಗದಲ್ಲಿ, ದುಡಿಯುವವರ ಬೆನ್ನ ಹಿಂದೆ ಚಾಟಿ ಹಿಡಿದು ನಿಲ್ಲುವ ಮೇಸ್ತ್ರಿಗಿರಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೆ. ಇಲ್ಲಿ ಮೇಸ್ತ್ರಿಯನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಖರ್ಚೂ ಇಲ್ಲ. ವಿಹಾರಕ್ಕೆ ಬಂದವರ ಕೈಗೇ ಚಾಟಿ ಕೊಟ್ಟು ಅದಕ್ಕೆ ನಕ್ಷತ್ರ ಎಂದು ಹೆಸರಿಟ್ಟಿದ್ದರು. ನಾನು ಅದನ್ನು ಬೀಸಿದ್ದೆ, ಕನ್ನಡಕ ಏರಿಸಿಕೊಂಡು, ಪ್ರೀತಿಯಿಂದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಗಾಳಿಯಣ್ಣ ನಮ್ಮ ಮೇಜಿಗೆ ಬಂದರು. ಹೋಟೆಲಿನವರು ಅವರಿಗೆ ಇಸ್ತ್ರಿ ಅಂಗಿ ಹಾಕಿಸಿದ್ದರು, ಕೈಗೊಂದು ವೈನ್ ಬಾಟಲಿ ಕೊಟ್ಟಿದ್ದರು. ಹಿಂದೆ ಮ್ಯಾನೇಜರಮ್ಮ ಫೋನ್ ಹಿಡಿದಿದ್ದಳು, ಕಚೇರಿಗೆ ಫೋಟೋ ಕಳಿಸಲು.

"ನಮ್ಮ ಸೇವೆಯಲ್ಲಿ ಆದ ಕೊರತೆಗೆ ವಿಷಾದಿಸುತ್ತೇನೆ" ಎಂದು ಬಾಯಿಪಾಠ ಒಪ್ಪಿಸಿದರು. ಸುತ್ತಲ ಮೇಜುಗಳು ತಿರುಗಿ ನೋಡಿದವು.

ತಪ್ಪು ನನ್ನದು. ಎರಡೇ ಪದ, ನಾಲಿಗೆಯ ತುದಿಯಲ್ಲಿತ್ತು. ಎದ್ದು ನಿಂತು ಜೋರಾಗಿ ಹೇಳಬೇಕಿತ್ತು. ಆದರೆ ಎದುರಿಗೆ ತಲೆ ತಗ್ಗಿಸಿ ನಿಂತವರಿಗೆ ಮೂವತ್ತೊಂದು ವರ್ಷ ಬುದ್ಧಿ ಹೇಳಿದ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು.

"ಪರವಾಗಿಲ್ಲ ಬಿಡಿ. ಇನ್ಮೇಲೆ ಹುಷಾರಾಗಿರಿ."

ಫೋನ್ ಕ್ಲಿಕ್ಕೆಂದಿತು. ಅವರು ಬಾಟಲಿ ಇಟ್ಟು ಹೊರಟುಹೋದರು. ತಂಗಿ ಚಮಚ ಕೆಳಗಿಟ್ಟಳು.

"ನಾಚಿಕೆ ಆಗಲ್ವೇನೇ ನಿಂಗೆ?"

ಎದ್ದು ಅಡುಗೆಮನೆಯ ಹಿಂದಕ್ಕೆ ಹೋದೆ. ಅವರಾಗಲೇ ಅಂಗಿ ಕಳಚಿ ಗೂಟಕ್ಕೆ ಹಾಕಿ ಮೀನಿಗೆ ಕೂತಿದ್ದರು.

"ತಪ್ಪು ನಂದು ಗಾಳಿಯಣ್ಣ. ಈಗಲೇ ಒಳಗೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ."

"ಆಗ ಹೇಳಿದ್ರೆ ಆಗ್ತಿತ್ತು ಟೀಚರಮ್ಮ." ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಕ್ಷಮಿಸಿದೀರ ಅಂತ ಫೋಟೋ ಹೋಗಿದೆ. ಮತ್ತೆ ಕೆದಕಿದ್ರೆ ನಾನೇ ಹೇಳ್ಕೊಟ್ಟೆ ಅಂತಾರೆ. ನನಗೆ ಬೇರೊಂದು ಉಪಕಾರ ಆಗ್ಬೇಕು." ಮೊಣಕೈಯಿಂದ ಗೂಟದ ಅಂಗಿ ತೋರಿಸಿದರು. "ಜೇಬಲ್ಲಿ ಒಂದು ಹಾಳೆ ಇದೆ, ತೆಗೀರಿ. ಏನು ತಪ್ಪು ಮಾಡಿದೆ ಅಂತ ಬರೆದುಕೊಟ್ರೆ ತಿಂಗಳ ಮೇಲೆ ದೋಣಿ ವಾಪಸ್ ಕೊಡ್ತಾರಂತೆ. ಬೆಳಿಗ್ಗೆಯಿಂದ ತಲೆ ಕೆರ್ಕೊಳ್ತಿದೀನಿ, ಒಂದೂ ಹೊಳೀತಿಲ್ಲ. ಆ ಒಂದು ನಕ್ಷತ್ರ ಎಲ್ಲಿ ಕಳ್ದಿದ್ದು, ಹೇಳಿ."

"ಎಲ್ಲೂ ಇಲ್ಲ. ನೀವು ತಪ್ಪೇ ಮಾಡಿಲ್ಲ."

"ಹಾಗೆ ಬರೆದ್ರೆ ಸೊಕ್ಕು ಅಂತಾರೆ. ಏನಾದ್ರೂ ಒಂದು ಹುಡುಕಿ."

ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತೆ. ಹಾಳೆ ಮಂಡಿಯ ಮೇಲೆ.

"ಹಗ್ಗ ಸಡಿಲ ಇತ್ತು ಅಂತ ಬರೀಲಾ?"

"ಅಯ್ಯೋ ಬೇಡ. ನಾನು ಹಾಕಿದ ಗಂಟು ಇವತ್ತಿನವರೆಗೆ ಬಿಚ್ಚಿಲ್ಲ. ಊರಲ್ಲಿ ತಲೆ ಎತ್ತೋಕಾಗಲ್ಲ."

"ತಡವಾಗಿ ಬಂದಿರಿ ಅಂತ?"

"ನಿಮಗಿಂತ ಮುಂಚೆ ಬಂದಿದ್ದೆ. ನಿಮ್ಮ ತಂಗಿ ತಾನೇ ಚಪ್ಪಲಿ ಹುಡುಕ್ತಾ ನಿಂತಿದ್ದು." ಕೈಯಲ್ಲಿದ್ದ ಮೀನು ಕೆಳಗಿಟ್ಟರು. "ತಡೀರಿ. ನಿಮ್ಮ ತಂಗಿ ಮಲಗಿದಾಗ ಚುಕ್ಕಾಣಿ ನಿಮ್ಮ ಕೈಗೆ ಕೊಟ್ಟೆ ಅಲ್ವಾ? ಅದು ರೂಲ್ಸಲ್ಲಿ ಇಲ್ಲ. ಅದನ್ನೇ ಬರೀರಿ."

ಕೊಟ್ಟಿದ್ದರು. ನಾನು ಕೇಳಿರಲಿಲ್ಲ, ಆಸೆಯಿಂದ ನೋಡುತ್ತಿದ್ದುದನ್ನು ಕಂಡು ಅವರೇ ಜಾಗ ಬಿಟ್ಟು, "ಹಿಡೀರಿ, ಅದು ಕಚ್ಚಲ್ಲ" ಎಂದಿದ್ದರು. ಅಂಗೈಯೊಳಗೆ ಇಡೀ ಸರೋವರ ನಡುಗಿದಂತಾಗಿತ್ತು. ಇಷ್ಟು ಹೊತ್ತು ಈ ಕತೆಯಲ್ಲೂ ಅದನ್ನು ಹೇಳದೆ ಬಚ್ಚಿಟ್ಟುಕೊಂಡಿದ್ದೆ.

"ಅದು ತಪ್ಪಲ್ಲ ಗಾಳಿಯಣ್ಣ."

"ಅವರಿಗೆ ತಪ್ಪೇ ತಾನೆ? ಬರೀರಿ. ನನ್ನ ಕೈ ಒದ್ದೆ."

ಬರೆದೆ. ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ: ಅತಿಥಿಯ ಕೈಗೆ ಚುಕ್ಕಾಣಿ ಕೊಟ್ಟದ್ದು ನನ್ನ ತಪ್ಪು. ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ.

ಅವರು ಲುಂಗಿಗೆ ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು ಎರಡು ಸಲ ಓದಿದರು. ಸಹಿ ಹಾಕಿದರು.

"ಇಷ್ಟು ಸಾಕಾಗುತ್ತಾ ಟೀಚರಮ್ಮ?"

"ಸಾಕು" ಎಂದೆ.