ಚುವಾಂಗನ ಊದುಬತ್ತಿ

ಬೀದಿಗೆ ಹಾಕಿದ ಚಪ್ಪರದಲ್ಲಿ ಅಪ್ಪನ ಶವಪೆಟ್ಟಿಗೆ. ಪಕ್ಕದಲ್ಲಿ ಸೂತಕದ ಗೋಣಿಬಟ್ಟೆ ತೊಟ್ಟ ನಾನು. ಯಾರೇ ಬಂದು ಊದುಬತ್ತಿ ಹಚ್ಚಿ ಕೈಮುಗಿದರೂ ಮಗನಾದವನು ಮಂಡಿಯೂರಿ ತಲೆಬಾಗಬೇಕು. ಚಾಂಗ್‌ಹ್ವಾ ಊರಲ್ಲಿ ಅಜ್ಜಂದಿರ ಕಾಲದಿಂದಲೂ ಹೀಗೆಯೇ. ಬೆಳಗ್ಗಿನಿಂದ ಊರಿಗೆಲ್ಲ ಬಾಗಿದ್ದೆ, ಬೇಸರವಿರಲಿಲ್ಲ. ಚುವಾಂಗ್ ಬರುತ್ತಾನೆಂದು ಕೇಳಿದಾಗಿನಿಂದ ಮಾತ್ರ ಕೈ ಸುಮ್ಮನಿರುತ್ತಿರಲಿಲ್ಲ.

ಅಪ್ಪ ದುಡಿಯುತ್ತಿದ್ದ, ತಗಡು ಒತ್ತುವ ಕಾರ್ಖಾನೆ ಅವನದು. ಯಂತ್ರಕ್ಕೊಂದು ಕಾವಲು ಬಾಗಿಲಿತ್ತು. ತೆರೆದರೆ ಯಂತ್ರ ನಿಲ್ಲುತ್ತಿತ್ತು. ಕೆಲಸ ತಡವಾಗುತ್ತದೆಂದು ಅದನ್ನೇ ಬಿಚ್ಚಿಸಿಹಾಕಿದ. ಅಪ್ಪ ಒಳಗೆ ಬಗ್ಗಿದಾಗ ಯಂತ್ರ ನಿಲ್ಲಲಿಲ್ಲ.

"ಬರ್ಲಿ ಅವ್ನು. ಒಂದೇ ಒಂದು ಬಾರಿಸ್ತೀನಮ್ಮ."

"ಬಾರ್ಸು. ಪೊಲೀಸ್ನೋರು ಎಳ್ಕೊಂಡು ಹೋಗ್ಲಿ. ಆಮೇಲೆ ನಿಮ್ಮಪ್ಪನ ಹೆಸರಿನ ಹಲಗೆ ಹೊರೋದ್ಯಾರು? ನಿನ್ನ ಮಾವನ ನಾಯೀನಾ?"

"ನನ್ನ ನಾಯಿಗೆ ಇವನಿಗಿಂತ ತಾಳ್ಮೆ ಜಾಸ್ತಿ ಕಣಕ್ಕ," ಎಂದ ಮಾವ.

ಇದ್ದೊಬ್ಬ ಮಗ ನಾನು. ಹಲಗೆ ಹಿಡಿದು ಶವಪೆಟ್ಟಿಗೆಯ ಮುಂದೆ ನಡೆಯುವವನಿಲ್ಲದಿದ್ದರೆ ಅಪ್ಪನ ಆತ್ಮಕ್ಕೆ ದಾರಿ ತಪ್ಪುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ.

ಚುವಾಂಗ್ ಬಂದ. ಇಸ್ತ್ರಿ ಮಾಡಿದ ಕಪ್ಪು ಕೋಟು. ಊದುಬತ್ತಿ ಹಚ್ಚಿ, ಬಾಗಿ, ಬೂದಿಯ ಕುಂಡದಲ್ಲಿ ನೆಟ್ಟ.

"ಮನೆಯವರಿಂದ ಪ್ರತಿವಂದನೆ," ಎಂದಿತು ವಿಧಿ ನಡೆಸುವವನ ಮೈಕು.

ನಾನು ನಿಂತೇ ಇದ್ದೆ. ಮೈಕು ಮತ್ತೊಮ್ಮೆ ಹೇಳಿತು. ಮುಷ್ಟಿ ತಾನಾಗಿ ಬಿಗಿದುಕೊಂಡಿತು. ಅವನ ದವಡೆ ಒಂದು ತೋಳಿನಳತೆಯಲ್ಲಿತ್ತು. ಅಷ್ಟರಲ್ಲಿ, ಯಾರಿಗೂ ಮಂಡಿಯೂರಬೇಕಿಲ್ಲದ ಅಮ್ಮ, ನನ್ನ ಬದಲಿಗೆ ಮೆಲ್ಲಗೆ ಚಾಪೆಯತ್ತ ಬಗ್ಗತೊಡಗಿದ್ದು ಕಂಡಿತು.

ಅವಳಿಗಿಂತ ಮೊದಲೇ ನಾನು ಕುಸಿದೆ. ಮುಷ್ಟಿಯನ್ನು ಚಾಪೆಗೆ ಒತ್ತಿ ಹಿಡಿದೆ. ಆ ಮನುಷ್ಯನ ಬೂಟುಗಳ ಮುಂದೆ ನನ್ನ ಹಣೆ ನೆಲ ಮುಟ್ಟಿತು.

"ಏಳಪ್ಪಾ," ಎಂದ ಚುವಾಂಗ್. "ಏನ್ಮಾಡಕ್ಕಾಗುತ್ತೆ? ಅವ್ರ ಆಯಸ್ಸು ಅಷ್ಟೇ ಇತ್ತು."

ಬಗ್ಗಿದ್ದ ಅಮ್ಮ ನೆಟ್ಟಗಾದಳು. ಬೂದಿಯಿಂದ ಅವನ ಊದುಬತ್ತಿಯನ್ನು ಕಿತ್ತು, ಉರಿಯುತ್ತಿದ್ದಂತೆಯೇ ಅವನ ಕೈಗಿಟ್ಟಳು.

"ಆಯಸ್ಸಿತ್ತು ಸಾಹುಕಾರ್ರೇ. ಬಾಗ್ಲಿರ್ಲಿಲ್ಲ."

ಚುವಾಂಗ್ ಊದುಬತ್ತಿಯನ್ನು ಎಲ್ಲಿಡುವುದೆಂದು ಸುತ್ತ ನೋಡಿದ. ಯಾರೂ ಕೈ ಚಾಚಲಿಲ್ಲ. ಹೊಗೆಯಾಡುವ ಬತ್ತಿ ಹಿಡಿದುಕೊಂಡೇ ಬೀದಿಯುದ್ದಕ್ಕೂ ನಡೆದು ಹೋದ.

ಅಮ್ಮ ಬೆರಳಿಗಂಟಿದ ಬೂದಿ ಒರೆಸಿಕೊಂಡಳು.

"ಏಳೋ. ಹಲಗೆ ಎತ್ಕೋ, ಹೊತ್ತಾಯ್ತು."

ಮುಷ್ಟಿ ಬಿಚ್ಚಿದೆ. ಅಪ್ಪನ ಹಲಗೆಯನ್ನು ಎರಡೂ ಕೈಗಳಲ್ಲಿ ಹಿಡಿಯಬೇಕು.