ನಕ್ಷೆ ಸೇರಿದ ಹಲಗೆ

ಶಾಲೆಯ ವ್ಯಾನಿನಲ್ಲಿ ಗುಬ್ಬಿಯ ಸೀಟು ರದ್ದಾಗಿದೆ ಎಂಬ ಪತ್ರ ಸೋಮವಾರ ಬಂತು. ಗುಬ್ಬಿ ನನ್ನ ಮಗಳು, ಏಳು ವರ್ಷ. ಪತ್ರವನ್ನು ಎರಡು ಸಲ ಓದಿ ಅತ್ತೆಗೆ ಕೊಟ್ಟೆ. ಅವರು ಕನ್ನಡಕ ಹುಡುಕದೆ ನನಗೇ ವಾಪಸು ಕೊಟ್ಟರು.

"ನೀನೇ ಹೇಳು. ಯೂನಿವರ್ಸಿಟಿ ಮೆಟ್ಟಿಲು ಹತ್ತಿದವಳು ನೀನು, ನಾನಲ್ಲ."

ಹೇಳಿದೆ. ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರವಿರುವ ಮಕ್ಕಳಿಗೆ ಮಾತ್ರ ಸರ್ಕಾರದ ವ್ಯಾನು. ಡಾಂಬರು ರಸ್ತೆಯಲ್ಲಿ ಹೋದರೆ ನಮ್ಮ ಮನೆ ಮೂರೂವರೆ. ಆದರೆ ಈ ವರ್ಷ ಹೊಸ ನಕ್ಷೆ ಬಂದಿದೆ. ಅದರಲ್ಲಿ ಹಿತ್ತಿಲ ಹಿಂದಿನ ಹಳ್ಳದ ಮೇಲೆ ಒಂದು ಸಣ್ಣ ಗೆರೆ ಇದೆ. ಆ ಗೆರೆ ದಾಟಿ ಕಾಲುದಾರಿ ಹಿಡಿದರೆ ಮೂರಕ್ಕೆ ಇನ್ನೂರು ಮೀಟರು ಕಡಿಮೆ.

"ಹಳ್ಳದ ಮೇಲೆ ಎಂಥ ಗೆರೆ?"

"ಹಲಗೆ, ಅತ್ತೆ."

ಅತ್ತೆಯ ಮುಖ ಅರಳಿತು. "ಅಂದ್ರೆ ನನ್ನ ಮಗ ಹಾಕಿದ್ದು ಸರ್ಕಾರದ ನಕ್ಷೇಲಿ ಬಂದಿದ್ಯಾ? ಹತ್ತನೇ ಕ್ಲಾಸ್ ಪಾಸಾದಾಗ ಪೇಪರಲ್ಲೂ ಬರಲಿಲ್ಲ ಪಾಪ, ಅವನ ಹೆಸರು!"

ಹಲಗೆ ಹಾಕಿದ್ದು ನಮ್ಮ ಮನೆಯವರು. ಬಡಗಿ. ಕೆಲಸದ ಶೆಡ್ಡು ಹಳ್ಳದ ಆಚೆಗಿತ್ತು. ಮದುವೆಯಾದ ತಿಂಗಳೇ ಒಂದು ಉದ್ದದ ಹಲಗೆ ಹೊತ್ತು ತಂದು ದಡದಿಂದ ದಡಕ್ಕೆ ಹಾಕಿದರು. ಸುತ್ತಿ ಬರುವುದಕ್ಕಿಂತ ಹತ್ತು ನಿಮಿಷ ಮುಂಚೆ ಮನೆ ಸೇರಬಹುದು ಎಂದರು. ಕಳೆದ ವರ್ಷ ಮೂರು ದಿನದ ಜ್ವರ. ಆಸ್ಪತ್ರೆಯಿಂದ ಅವರನ್ನು ಡಾಂಬರು ರಸ್ತೆಯಲ್ಲಿ ತಂದೆವು. ಅಲ್ಲಿಂದೀಚೆಗೆ ಹಲಗೆಯ ಮೇಲೆ ನಾನು ಕಾಲಿಟ್ಟಿಲ್ಲ.

ಪೇಟೆಯ ಗ್ರಂಥಾಲಯದಲ್ಲಿ ನನ್ನ ಕೆಲಸ. ಏಳು ಐವತ್ತರ ಬಸ್ಸು ತಪ್ಪಿದರೆ ಕೆಲಸವೂ ತಪ್ಪಿದಂತೆ. ಅತ್ತೆಯ ಮಂಡಿ ಹಿತ್ತಿಲಿಗಿಂತ ದೂರ ಹೋಗಲು ಒಪ್ಪುವುದಿಲ್ಲ. ವ್ಯಾನು ಇಲ್ಲವೆಂದರೆ ಗುಬ್ಬಿ ದಿನವೂ ಎರಡು ಸಲ ಒಬ್ಬಳೇ ಹಳ್ಳ ದಾಟಬೇಕು.

ಮತ್ತೆ ಅಳೆಯಬೇಕೆಂದು ಅರ್ಜಿ ಬರೆದೆ.

ಅಳೆಯುವವರು ಬರುವವರೆಗೂ ವ್ಯಾನು ಮಾತ್ರ ಬರುತ್ತಲೇ ಇತ್ತು. ಅದರ ಡ್ರೈವರನ್ನು ಮಕ್ಕಳು ನಿಧಾನಪ್ಪ ಎನ್ನುತ್ತಾರೆ. ರಸ್ತೆಯಲ್ಲಿ ಕೋಳಿ ಕಂಡರೂ ಅದು ಮನಸ್ಸು ಮಾಡುವವರೆಗೆ ಕಾಯುವ ಮನುಷ್ಯ.

"ನಿಮಗೆ ಆರ್ಡರ್ ಬಂದಿಲ್ವಾ?" ಎಂದು ಕೇಳಿದೆ.

"ಬಂದಿದೆಯಮ್ಮಾ. ಜೇಬಲ್ಲಿದೆ. ನಾನಿನ್ನೂ ಓದಿಲ್ಲ. ಎಲ್ಲದರಲ್ಲೂ ನಿಧಾನ ನಾನು."

ಗುರುವಾರ ಅಳತೆಯವರು ಬಂದರು. ಉದ್ದ ಕೋಲಿನ ತುದಿಗೆ ಒಂದು ಚಕ್ರ. ಉರುಳಿಸುತ್ತ ನಡೆದರೆ ಮೀಟರು ತೋರಿಸುತ್ತದೆ. ಗುಬ್ಬಿ ಅವರ ಸುತ್ತ ಒಂದು ಸುತ್ತು ಬಂದಳು.

"ಮಾಮಾ, ಇನ್ನೊಂದು ಚಕ್ರ ಯಾರು ಕದ್ರು?"

"ಸರ್ಕಾರ ಕೊಟ್ಟಿದ್ದೇ ಒಂದು, ಪುಟ್ಟಿ. ಇನ್ನೊಂದು ಮುಂದಿನ ಬಜೆಟ್‌ಗೆ."

ನಿಯಮವನ್ನು ಅವರೇ ನಮಗೆ ವಿವರಿಸಿದರು. ಚಕ್ರ ಹೊಸ್ತಿಲಿನಿಂದ ಶಾಲೆಯ ಗೇಟಿನವರೆಗೆ ನೆಲ ಬಿಡಬಾರದು. ಎಲ್ಲಾದರೂ ಎತ್ತಬೇಕಾಗಿ ಬಂದರೆ ಅದು ದಾರಿಯಲ್ಲ. ಅತ್ತೆ ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು.

ಹಳ್ಳದ ದಡಕ್ಕೆ ಎಲ್ಲರೂ ಹೋದೆವು, ಅತ್ತೆ ಕೋಲೂರಿಕೊಂಡು. ಹಲಗೆ ಒಂದೂವರೆ ಗೇಣು ಅಗಲ. ಕೆಳಗೆ ಮೊಣಕಾಲು ನೀರು, ನೀರಿನ ಕೆಳಗೆ ಬಂಡೆ. ಅಳತೆಯವರು ನಿಂತುಬಿಟ್ಟರು. ನಾನು ಕೈ ಹಿಡಿಯುವಷ್ಟರಲ್ಲಿ ಗುಬ್ಬಿ ಓಡಿ ಆಚೆ ದಡದಲ್ಲಿದ್ದಳು.

"ಕೆಳಗೆ ನೋಡ್ಬೇಡಿ ಮಾಮಾ! ಈ ಬಿಳೀ ಕಲ್ಲು ನೋಡ್ಕೊಂಡು ಬನ್ನಿ. ಅಪ್ಪ ನಂಗೂ ಹಾಗೇ ಹೇಳ್ಕೊಟ್ಟಿದ್ದು."

ಅವರು ಬೂಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡರು. ಚಕ್ರ ಮುಂದೆ, ಅವರು ಹಿಂದೆ. ನಡುವೆ ಹಲಗೆ ಬಾಗಿ ಕಿರ್ ಎಂದಿತು. ಚಕ್ರ ಅಂಚಿಗೆ ಜಾರಿತು. ಇನ್ನೇನು ಎತ್ತಿಯೇಬಿಡುತ್ತಾರೆ ಎನ್ನುವಾಗ ಗುಬ್ಬಿ ಅರ್ಧ ದಾರಿ ವಾಪಸು ಬಂದು ಕೋಲು ಹಿಡಿದಳು. "ನಾನಿದೀನಲ್ಲ, ಬನ್ನಿ." ಹಾಗೆ ಅವರನ್ನು ಆಚೆ ದಾಟಿಸಿದಳು.

ಅವರು ಬಿಳೀ ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡರು. "ಚಕ್ರ ಏಳಲಿಲ್ಲ ಮೇಡಂ. ಎದ್ದಿದೆ ಅಂತ ಬರೆಯೋಕೆ ನನಗೆ ಬರಲ್ಲ. ಇನ್ನುಳಿದದ್ದು ಬರೀ ನೆಲ. ಮೂರು ಆಗಲ್ಲ."

"ನಮ್ಮ ಹುಡುಗೀನೇ ನಮಗೆ ಶತ್ರು," ಎಂದರು ಅತ್ತೆ.

ಅಳತೆಯವರು ಕಾಗದ ತಿರುವಿದರು. "ಕೊನೇ ಕಾಲಮ್ ಒಂದಿದೆ. 'ಮಗು ದಿನವೂ ಒಂಟಿಯಾಗಿ ನಡೆಯಬಹುದಾದ ದಾರಿಯೇ? ಮನೆಯವರ ಹೇಳಿಕೆ.' ಏನು ಬರೀಲಿ?"

"ಹೌದು ಅಂತ ಬರೀರಿ!" ಗುಬ್ಬಿ ಕುಣಿದಳು. "ನಾನು ಕಣ್ಣು ಮುಚ್ಕೊಂಡೂ ದಾಟ್ತೀನಿ!"

"ಬಾಯಿ ಮುಚ್ಚೇ ತಾಯಿ. ಕೂತ ಕೊಂಬೆ ಕಡೀಬೇಡ."

ಆಮೇಲೆ ಅತ್ತೆ ನನ್ನನ್ನೇ ನೋಡುತ್ತ ನಿಂತರು. ಮಗನ ಕೆಲಸಕ್ಕೆ ಕೊರತೆ ಹೇಳಿದವರನ್ನು ಅವರು ಹೊಸ್ತಿಲು ತುಳಿಯಲು ಬಿಟ್ಟವರಲ್ಲ. ಒಮ್ಮೆ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂದ ನೆಂಟರಿಗೆ ಚಹಾ ಕೂಡ ಕೊಟ್ಟಿರಲಿಲ್ಲ.

"ದಾರಿಯಲ್ಲ ಅಂತ ಬರೀರಿ," ಎಂದೆ.

"ಕಾರಣ?"

"ಅದು ನಮ್ಮ ಮನೆಯವರ ಅಭ್ಯಾಸ. ತಮ್ಮ ಕಾಲಿಗೆ ಅಳೆದು ಹಾಕಿದ್ದರು. ಮಗುವಿನ ಕಾಲಿಗಲ್ಲ."

"ಅವರನ್ನೂ ಒಂದು ಮಾತು..."

"ಅವರಿಲ್ಲ."

ಅವರು ತಲೆ ತಗ್ಗಿಸಿ ಪೆನ್ನು ತೆಗೆದರು. ನನ್ನ ಪಕ್ಕದಿಂದ ಅತ್ತೆಯ ದನಿ ಬಂತು.

"ಬರ್ಕೊಳ್ಳಪ್ಪಾ. ಹೆಂಡತಿ ಮುಖ ನೋಡೋ ಅವಸರಕ್ಕೆ ಹಾಕಿದ ಹಲಗೆ ಅದು. ಸರ್ಕಾರ ಅದನ್ನ ರಸ್ತೆ ಅಂದ್ಕೊಂಡ್ರೆ ನನ್ನ ಮಗ ಏನು ಮಾಡ್ತಾನೆ?"

ಅಳತೆಯವರು ನಕ್ಕರು. ಬರೆದರು. ಕಾಗದಕ್ಕೆ ನನ್ನ ಸಹಿ ಬೇಕಿತ್ತು, ಗುಬ್ಬಿಯನ್ನೂ ಕರೆತರಬೇಕಿತ್ತು. ಬಿಳೀ ಕಲ್ಲು ನೋಡಿಕೊಂಡು ನಾನು ಹಲಗೆ ದಾಟಿದೆ.

"ಸೀಟು ಉಳೀತು," ಎಂದರು ಅವರು. "ಆದ್ರೆ ಹಲಗೆ ಇರೋವರೆಗೂ ಅದು ನಕ್ಷೇಲಿ ಬರ್ತಾನೇ ಇರುತ್ತೆ. ತೆಗೆಸಿಬಿಡಿ." ಬೂಟು ಹಾಕಿಕೊಂಡರು. ವಾಪಸು ಹೋಗಲು ಅವರು ಡಾಂಬರು ರಸ್ತೆಯನ್ನೇ ಆರಿಸಿಕೊಂಡರು.

ಭಾನುವಾರ ನಿಧಾನಪ್ಪ ಬಂದು ಹಲಗೆ ಎಳೆದು ಹಾಕಿದ. ಸೌದೆಗಾದೀತು ಎಂದದ್ದಕ್ಕೆ ಅತ್ತೆ ಕೋಲು ಎತ್ತಿದರು. ಕೊನೆಗೆ ಅವರೇ ಹೇಳಿದಂತೆ ಅದನ್ನು ರಸ್ತೆಯ ತಿರುವಿಗೆ, ವ್ಯಾನೂ ನನ್ನ ಬಸ್ಸೂ ನಿಲ್ಲುವ ಜಾಗಕ್ಕೆ ಹೊತ್ತೊಯ್ದೆವು. ಎರಡು ಕಲ್ಲಿನ ಮೇಲೆ ಇಟ್ಟೆವು. ಅಲುಗಾಡುತ್ತಿತ್ತು. ಒಂದು ಚಕ್ಕೆ ಸಿಕ್ಕಿಸಿದ ಮೇಲೆ ನಿಂತಿತು.

ಸೋಮವಾರ ಬೆಳಿಗ್ಗೆ ಗುಬ್ಬಿ ಅದರ ಮೇಲೆ ಕಾಲಾಡಿಸುತ್ತ ಕೂತಿದ್ದಳು. ವ್ಯಾನು ಬಂತು.

"ಏನಮ್ಮಾ ಗುಬ್ಬಿ, ವ್ಯಾನಲ್ಲೊಂದು ಸೀಟು, ರಸ್ತೇಲೊಂದು ಸೀಟಾ?"

"ನೀವು ನಿಧಾನ ಬರ್ತೀರಲ್ಲ, ಅದಕ್ಕೇ."

ಬಾಗಿಲು ಮುಚ್ಚಿತು. ಅವಳು ಕಿಟಕಿಯಿಂದ ಕೈ ಬೀಸಿದಳು, ವ್ಯಾನು ಮರೆಯಾಗುವವರೆಗೆ. ನನ್ನ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ದಿನವೂ ನಿಂತೇ ಕಾಯುತ್ತಿದ್ದೆ. ಆವತ್ತು ಕೂತೆ.