ಮಖಮಲ್ಲಿನ ಹಿಂಬದಿಯ ಗುರುತು

ಮೂರನೆಯ ಭಾನುವಾರವೂ ಅತ್ತೆ ಚರ್ಚಿನಲ್ಲಿ ಯೇಸುವಿನ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿಯ ತಟ್ಟೆಯನ್ನು ಹಾಗೆಯೇ ಪಕ್ಕಕ್ಕೆ ದಾಟಿಸಿದಾಗ ಸೊಸೆ ತಿರುಗಿ ಅವರನ್ನೇ ನೋಡಿದಳು. ಜ್ವರ ಬಂದರೂ ಅದನ್ನು ತಪ್ಪಿಸದ ಹೆಂಗಸು. ದಾರಿಯಲ್ಲಿ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದರು. ಅಷ್ಟು ಚಿಕ್ಕ ತುಣುಕು ಯಾವ ಹೊಟ್ಟೆಯನ್ನು ಕೆಡಿಸೀತು? ಆದರೆ ಅತ್ತೆಯನ್ನು ಎರಡನೇ ಸಲ ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇಬ್ಬರೂ ಒಂದೇ ಹೊಲಿಗೆ ಕಾರ್ಖಾನೆಯಲ್ಲಿದ್ದರು. ಸೊಸೆಯದು ಯಂತ್ರದ ಮುಂದಿನ ಕುರ್ಚಿ. ಅತ್ತೆ ಬಟ್ಟೆ ಕತ್ತರಿಸುವ ಉದ್ದ ಮೇಜಿನ ಒಡತಿ. ಎಲ್ಲರಿಗೂ ದೊಡ್ಡಮ್ಮ. ಅವರ ಕತ್ತರಿಯನ್ನು ಮೂವತ್ತು ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ.

ಆರು ತಿಂಗಳ ಹಿಂದೆ ನಾಟಕಶಾಲೆಯೊಂದಕ್ಕೆ ಮಖಮಲ್ಲಿನ ಪರದೆ ಹೊಲಿಯುವ ಕೆಲಸ ಬಂದಿತ್ತು. ಮಖಮಲ್ಲು ತಲೆಕೆಳಗಾದರೆ ಬಣ್ಣವೇ ಬೇರೆ ಕಾಣುತ್ತದೆ. ಅದಕ್ಕೇ ಕತ್ತರಿಸುವವರು ಪ್ರತಿ ತುಂಡಿನ ಹಿಂಬದಿಗೂ ಸೀಮೆಸುಣ್ಣದಲ್ಲಿ ಬಾಣ ಬರೆದು ಯಾವುದು ಮೇಲು ಎಂದು ತೋರಿಸಬೇಕು. ಪರದೆ ಏರಿಸಿ ದೀಪ ಹಾಕಿದಾಗ ನಡುವಿನ ಎರಡು ಪಟ್ಟಿ ಒಗೆದು ಒಗೆದು ಬಣ್ಣ ಬಿಟ್ಟಂತೆ ಮಂಕಾಗಿದ್ದವು. ವಾಪಸು ಬಂದ ಪರದೆಯನ್ನು ಮರುದಿನ ಬೆಳಿಗ್ಗೆ ಕಾರ್ಖಾನೆಯ ಯಜಮಾನಿ ತಿರುವಿ ನೋಡಿದರೆ ಬಾಣಗಳಿದ್ದವು. ಹಾಗಾದರೆ ಪಟ್ಟಿಗಳನ್ನು ಜೋಡಿಸಿ ಹೊಲಿದ ಇನ್ನೊಬ್ಬ ಹೆಂಗಸಿನದೇ ತಪ್ಪು ಎಂದಾಯಿತು. ಆಕೆಯನ್ನು ಎಲ್ಲರೆದುರು ಯಂತ್ರದಿಂದ ಎಬ್ಬಿಸಿ, ಗುಂಡಿ ತೂರಿಸುವ ರಂಧ್ರಗಳಿಗೆ ಕೈಯಲ್ಲೇ ಕಾಜಾ ಹೊಲಿಯಲು ಮೂಲೆಯ ಸ್ಟೂಲಿನಲ್ಲಿ ಕೂರಿಸಿದರು. ಅಂದಿನಿಂದ ಅವಳ ಹೆಸರೇ ಕಾಜಾ ಅಕ್ಕ ಎಂದಾಯಿತು.

ಆ ಭಾನುವಾರ ಮಧ್ಯಾಹ್ನ, ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ, ಅತ್ತೆ ತಲೆ ಎತ್ತದೆ ಹೇಳಿದರು: "ಬಾಣ ಬರೆಯೋದು ಮರೆತಿದ್ದೆ ಕಣೇ. ಪರದೆ ವಾಪಸು ಬಂತಲ್ಲ, ಆ ರಾತ್ರಿ ಬರೆದೆ."

ಸೊಸೆ ಬಟಾಣಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಅತ್ತೆಯತ್ತ ತಿರುಗಿದಳು.

ಇಷ್ಟು ದಿನ ಹೇಗೋ ನುಂಗಿಕೊಂಡಿದ್ದರಂತೆ. ಎರಡು ವಾರದ ಹಿಂದೆ ಚರ್ಚಿನಲ್ಲಿ ಕಾಜಾ ಅಕ್ಕನೇ ಪಕ್ಕಕ್ಕೆ ಬಂದು ಕೂತು, ಎರಡೂ ಕೈಯಲ್ಲಿ ತಟ್ಟೆ ಹಿಡಿದು "ತಗೊಳ್ಳಿ ದೊಡ್ಡಮ್ಮ" ಎಂದಳಂತೆ. ಅವಳಿಗೆ ಮೋಸ ಮಾಡಿದ ಕೈಯಿಂದ ಅದನ್ನು ಹೇಗೆ ಮುಟ್ಟಲಿ ಎಂದರು ಅತ್ತೆ.

ಸಂಜೆ ಹಣ್ಣಿನ ಬುಟ್ಟಿ ಹಿಡಿದು ಇಬ್ಬರೂ ಅವಳ ಮನೆಗೆ ಹೋದರು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ತನ್ನಿಂದ ಏನಾದರೂ ತಪ್ಪಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು.

ಕಾಜಾ ಅಕ್ಕ ಬುಟ್ಟಿಯನ್ನು ನೋಡಲಿಲ್ಲ. "ಆಗಿದ್ರೆ ಅಂದ್ರೆ? ಆಗಿದ್ಯೋ ಇಲ್ವೋ ನೀವೇ ಹೇಳ್ಬೇಕು ದೊಡ್ಡಮ್ಮ."

ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದುಬಿಟ್ಟರು. ಹೋದ ದಾರಿಯಲ್ಲೇ ಹಿಂದಿರುಗುವಾಗ, ಕ್ಷಮೆ ಕೇಳಲು ಹೋಗಿ ದೊಡ್ಡಸ್ತಿಕೆ ಮೆರೆದು ಬಂದೆ ಎಂದು ತಮ್ಮನ್ನೇ ಬೈದುಕೊಂಡರು. ಅವಳೊಬ್ಬಳನ್ನೇ ಕರೆದು ಮೆಲ್ಲಗೆ ಹೇಳಿಬಿಡಿ, ಎಲ್ಲರೆದುರು ಹೇಳಿದರೆ ಕತ್ತರಿ ಕೈಬಿಟ್ಟು ಹೋದೀತು ಎಂದಳು ಸೊಸೆ.

"ಅವಳ ಮಾನ ಹೋಗಿದ್ದು ನಾಲ್ಕು ಜನರ ಮುಂದೆ," ಎಂದರು ಅತ್ತೆ. "ಮೂಲೇಲಿ ಕರೆದು ವಾಪಸು ಕೊಡೋಕಾಗುತ್ತಾ?"

ಸೋಮವಾರ ಯಂತ್ರಗಳು ಶುರುವಾಗುವ ಮೊದಲೇ ಅತ್ತೆ ಕಾರ್ಖಾನೆಯ ದೊಡ್ಡ ಕೋಣೆಯ ಮಧ್ಯೆ ನಿಂತರು. ವಯಸ್ಸಾಯಿತು, ಕಣ್ಣು ಮಂಜು ಎಂಬ ಯಾವ ನೆವವನ್ನೂ ಎತ್ತಲಿಲ್ಲ. ಮರೆತದ್ದು ನಾನು, ಸುಳ್ಳು ಬಾಣ ಬರೆದದ್ದು ನಾನು, ಇವಳದು ಏನೇನೂ ತಪ್ಪಿಲ್ಲ ಎಂದರು. ಯಜಮಾನಿಯ ಮುಖ ಕೆಂಪಾಯಿತು. ಇನ್ನು ಆ ಮೇಜು ನಿಮ್ಮದಲ್ಲ ಎಂದಾಗ ಅತ್ತೆ ಕತ್ತರಿಯನ್ನು ಒರೆಸಿ ಮೇಜಿನ ಮೇಲಿಟ್ಟು, ಕಾಜಾ ಅಕ್ಕನ ಎದುರು ಕೈ ಜೋಡಿಸಿದರು.

"ನಂಗೆ ಕೋಪ ಇದೆ ದೊಡ್ಡಮ್ಮ. ಇಲ್ಲ ಅಂದ್ರೆ ಸುಳ್ಳಾಗುತ್ತೆ."

"ಇರ್ಲಿ ತಾಯಿ. ಅದು ಹೋಗೋವರೆಗೂ ಕಾಯ್ತೀನಿ."

ಕಾಜಾ ಅಕ್ಕ ತನ್ನ ಯಂತ್ರಕ್ಕೆ ಮರಳಿದಳು. ಅತ್ತೆ ತಾವಾಗಿಯೇ ಹೋಗಿ ಮೂಲೆಯ ಸ್ಟೂಲಿನಲ್ಲಿ ಕೂತರು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ತಪ್ಪಿದರು. ಯಾರಾದರೂ ನೋಡಿಯಾರೆಂದು ತಿರುಗಿ ಕೂರಲಿಲ್ಲ. ಮದುವೆಯಾದಾಗಿನಿಂದ ಸೊಸೆ ಈ ಹೆಂಗಸಿಗೆ ಹೆದರಿದ್ದಳು. ಗೌರವವೆಂದರೆ ಅದೇ ಎಂದುಕೊಂಡಿದ್ದಳು. ಇಂದು ಮೊಟ್ಟಮೊದಲ ಬಾರಿಗೆ ಹೆದರಿಕೆಯಿಲ್ಲದೆ ಅವರ ಕಾಲು ಮುಟ್ಟಬೇಕೆನಿಸಿತು. ಆ ಸಂಜೆ ಅತ್ತೆಯ ಪ್ರಾರ್ಥನೆಯೂ ಬೇರೆಯಾಗಿತ್ತು. ಊರವರ ಕುಂದುಕೊರತೆಗಳನ್ನೆಲ್ಲ ದೇವರಿಗೆ ಒಪ್ಪಿಸುತ್ತಿದ್ದ ಬಾಯಿ, ಕರ್ತನೇ, ಈ ಪಾಪಿಯನ್ನು ಕೈಬಿಡಬೇಡ ಎಂದಷ್ಟೇ ಹೇಳಿತು. ಬಹಳ ಹೊತ್ತು ಮೊಣಕಾಲೂರಿ ಕೂತು ಎದ್ದಾಗ ಅವರ ಮುಖ ಹಗುರಾಗಿತ್ತು, ಹತ್ತು ವರ್ಷ ಚಿಕ್ಕದಾಗಿತ್ತು.

ಶುಕ್ರವಾರ ಕಾಜಾ ಅಕ್ಕ ಕೆಲಸ ಬಿಟ್ಟು ಎದ್ದು ಮೂಲೆಗೆ ಬಂದಳು. ಅತ್ತೆಯ ಕೈಯಿಂದ ಅಂಗಿ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ದೊಡ್ಡಮ್ಮ, ಈ ಕಾಜಾದಲ್ಲಿ ಗುಂಡಿ ನಿಲ್ಲೋದಿರ್ಲಿ, ಗಾಡಿ ಚಕ್ರನೂ ನಿಲ್ಲಲ್ಲ."

ಯಂತ್ರಗಳ ಮುಂದಿದ್ದವರೆಲ್ಲ ಅತ್ತೆಯತ್ತ ತಿರುಗಿದರು. ಮೊದಲು ನಕ್ಕವರು ಅತ್ತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸ್ಟೂಲಿನ ತುದಿಗೆ ಸರಿದು ಜಾಗ ಮಾಡಿದರು.

"ಹೊಲಿಗೆ ಬಿಚ್ಚು ಮಗಳೇ. ಮೊದಲಿಂದ ಹೇಳಿಕೊಡು."